ರೂಢಿಗೆ ಎಷ್ಟು ಅಂಕ, ಅರಿವಿಗೆ ಎಷ್ಟು?



ಗಣಿತದಲ್ಲಿ ಭಿನ್ನಾಭಿಪ್ರಾಯಕ್ಕೆ ಎಡೆಯಿಲ್ಲ ಎಂಬುದು ನಮ್ಮಲ್ಲಿ ಬೇರೂರಿದ ನಂಬಿಕೆ. ಚರಿತ್ರೆಯ ಪ್ರಶ್ನೆಗೆ ಎರಡು ಉತ್ತರ ಇರಬಹುದು, ಒಂದು ಪದ್ಯಕ್ಕೆ ಹತ್ತು ಅರ್ಥ ಇರಬಹುದು. ಲೆಕ್ಕಕ್ಕೆ ಮಾತ್ರ ಒಂದೇ ಉತ್ತರ, ಬಂದರೆ ಪೂರ್ಣ ಅಂಕ, ಬಾರದಿದ್ದರೆ ಸೊನ್ನೆ. 2019ರ ಆಗಸ್ಟ್‌ನಲ್ಲಿ 8÷2(2+2) ಎಂಬ ಪುಟ್ಟ ಲೆಕ್ಕವೊಂದು ಈ ನಂಬಿಕೆಯನ್ನು ಕೆಣಕಿತು. ಉತ್ತರ 16 ಎಂದು ಒಂದು ಪಕ್ಷ, 1 ಎಂದು ಇನ್ನೊಂದು ಪಕ್ಷ. ಜಗಳ ಎಷ್ಟು ಬೆಳೆಯಿತೆಂದರೆ ಕಾರ್ನೆಲ್ ವಿಶ್ವವಿದ್ಯಾಲಯದ ಗಣಿತಜ್ಞ ಸ್ಟೀವನ್ ಸ್ಟ್ರೊಗಾಟ್ಜ್ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಅದರ ಬಗ್ಗೆ ಬರೆದರು. ಕೂಡುವುದು, ಗುಣಿಸುವುದು, ಭಾಗಿಸುವುದು ಎರಡೂ ಪಕ್ಷದವರಿಗೆ ಚೆನ್ನಾಗಿ ಗೊತ್ತಿತ್ತು. ಅವರು ಬೇರೆಯಾದದ್ದು ಬರೆದದ್ದನ್ನು ಓದುವ ಬಗೆಯಲ್ಲಿ. ತಮ್ಮ ಓದೇ ಸರಿ ಎನ್ನಲು ಇಬ್ಬರೂ ಶಾಲೆಯಲ್ಲಿ ಕಲಿತ ನಿಯಮವನ್ನೇ ಸಾಕ್ಷಿಗೆ ಕರೆದರು. ಇಂದಿನ ನನ್ನ ವಾದ ಇಲ್ಲಿಂದ ಹೊರಡುತ್ತದೆ. ಗಣಿತದಲ್ಲಿ ಮನುಷ್ಯರು ಕೂಡಿ ಮಾಡಿಕೊಂಡ ಒಪ್ಪಂದ ಯಾವುದು, ತರ್ಕ ಅನಿವಾರ್ಯವಾಗಿ ಕೊಟ್ಟದ್ದು ಯಾವುದು ಎಂಬ ಗೆರೆಯನ್ನು ನಮ್ಮ ಬೋಧನೆ ಮಸುಕು ಮಾಡಿದೆ, ಅಂಕ ಕೊಡುವ ಪದ್ಧತಿ ಅದನ್ನು ಪೂರ್ತಿ ಅಳಿಸಿದೆ. ಒಪ್ಪಂದವನ್ನು ಒಪ್ಪಂದವೆಂದು ಹೇಳಿಯೇ ಕಲಿಸಬೇಕು. ಮೊದಲೇ ಸಾರಿ ಹೇಳದ ಒಪ್ಪಂದವನ್ನು ಮೀರಿದ್ದಕ್ಕೆ ಮಗುವಿನ ಅಂಕ ಕಳೆಯಬಾರದು.

ಮೊದಲಿಗೆ, ಕ್ರಿಯೆಗಳ ಕ್ರಮ ಎಂದು ನಾವು ಕರೆಯುವ ನಿಯಮ ಎಷ್ಟು ಗಟ್ಟಿ ಎಂದು ನೋಡೋಣ. 1917ರಲ್ಲಿ ಅಮೆರಿಕನ್ ಮ್ಯಾಥಮ್ಯಾಟಿಕಲ್ ಮಂತ್ಲಿ ಪತ್ರಿಕೆಯಲ್ಲಿ ಎನ್. ಜೆ. ಲೆನ್ನೆಸ್ ಎಂಬ ಗಣಿತಜ್ಞರು ಒಂದು ವಿಚಿತ್ರವನ್ನು ಎತ್ತಿ ತೋರಿಸಿದರು. ಗುಣಾಕಾರ, ಭಾಗಾಕಾರಗಳನ್ನು ಎಡದಿಂದ ಬಲಕ್ಕೆ ಬಂದ ಹಾಗೆ ಮಾಡಬೇಕು ಎಂದು ಪಠ್ಯಪುಸ್ತಕಗಳು ಹೇಳುತ್ತವೆ. ಆ ಮಾತನ್ನು ಅಕ್ಷರಶಃ ಪಾಲಿಸಿದರೆ 9ಅ²÷3ಅ ಎಂಬುದರ ಬೆಲೆ 3ಅ³ ಆಗಬೇಕು. ಆದರೆ ಅದೇ ಪುಸ್ತಕಗಳು ಉತ್ತರವನ್ನು 3ಅ ಎಂದು ಕೊಡುತ್ತವೆ, ಓದುವವರೂ ಹಾಗೆಯೇ ಓದುತ್ತಾರೆ. ಎಂದರೆ ನಿಯಮ ಒಂದು, ನಡಾವಳಿ ಇನ್ನೊಂದು. ಗಣಿತ ಸಂಕೇತಗಳ ಚರಿತ್ರೆಯನ್ನು ಬರೆದ ಫ್ಲೋರಿಯನ್ ಕಜೋರಿ 1928ರಲ್ಲಿ, ಗುಣಾಕಾರ ಭಾಗಾಕಾರ ಚಿಹ್ನೆಗಳು ಒಟ್ಟಿಗೆ ಬಂದಾಗ ಯಾವುದು ಮೊದಲು ಎಂಬ ವಿಷಯದಲ್ಲಿ ಒಮ್ಮತವಿಲ್ಲ ಎಂದು ದಾಖಲಿಸಿದರು. ಆಮೇಲೂ ಒಮ್ಮತ ಬಂದಿಲ್ಲ. ಭೌತವಿಜ್ಞಾನದ ಪ್ರಮುಖ ಪತ್ರಿಕೆ ಫಿಸಿಕಲ್ ರಿವ್ಯೂ ತನ್ನ ಲೇಖಕರಿಗೆ ಕೊಟ್ಟ ಸೂಚನೆಯಂತೆ, ಓರೆಗೆರೆಯಿಂದ ಭಿನ್ನರಾಶಿ ಬರೆದಾಗ ಗುಣಾಕಾರ ಭಾಗಾಕಾರಕ್ಕಿಂತ ಮೊದಲು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಟಿಐ-82 ಕ್ಯಾಲ್ಕ್ಯುಲೇಟರ್ ಚಿಹ್ನೆಯಿಲ್ಲದ ಗುಣಾಕಾರಕ್ಕೆ ಮೊದಲ ಸ್ಥಾನ ಕೊಡುತ್ತಿತ್ತು, ಅದೇ ಕಂಪನಿಯ ಟಿಐ-83 ಕೊಡಲಿಲ್ಲ. ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ 80000-2 ಎಂಬ ಮಾನಕವಂತೂ ಭಾಗಾಕಾರಕ್ಕೆ ÷ ಚಿಹ್ನೆಯನ್ನು ಬಳಸಲೇಬಾರದು ಎನ್ನುತ್ತದೆ, ಓರೆಗೆರೆಯ ನಂತರ ಅದೇ ಸಾಲಿನಲ್ಲಿ ಗುಣಾಕಾರ ಬಂದರೆ ಆವರಣ ಹಾಕಿ ಎಂಬುದು ಅದೇ ಮಾನಕ ಸರಣಿಯ ಸೂಚನೆ. ಗೊಂದಲ ಅರಿತವರು ಕಂಡುಕೊಂಡ ಪರಿಹಾರ ಇಷ್ಟೇ: ಎರಡು ಬಗೆಯಲ್ಲಿ ಓದಬಹುದಾದದ್ದನ್ನು ಬರೆಯಬೇಡಿ.

ಕ್ರಿಯೆಗಳ ಕ್ರಮವನ್ನು ಇಂಗ್ಲಿಷ್ ಮೊದಲಕ್ಷರಗಳಲ್ಲಿ ನೆನಪಿಡಿಸುವ ನಮ್ಮ ಶಾಲೆಗಳ ಬೋಡ್‌ಮಾಸ್ ಸೂತ್ರವನ್ನೂ ಇದೇ ಬೆಳಕಿನಲ್ಲಿ ಪರೀಕ್ಷಿಸಬೇಕು. ಅದರಲ್ಲಿ ಭಾಗಾಕಾರ ಗುಣಾಕಾರಕ್ಕಿಂತ ಮುಂದೆ ನಿಂತಿದೆ, ಅಮೆರಿಕದ ಪೆಮ್‌ಡಾಸ್‌ನಲ್ಲಿ ಗುಣಾಕಾರ ಮುಂದೆ ನಿಂತಿದೆ. ನಿಜವಾಗಿ ಎರಡಕ್ಕೂ ಒಂದೇ ದರ್ಜೆ. ನೆನಪಿಗೆಂದು ಕಟ್ಟಿದ ಅಕ್ಷರಮಾಲೆ ಆ ಸಮಾನತೆಯನ್ನು ಹೇಳುವುದಿಲ್ಲ. ಸಂಕಲನ ಮೊದಲು, ವ್ಯವಕಲನ ಆಮೇಲೆ ಎಂದು ಬಾಯಿಪಾಠ ಮಾಡಿದ ಮಗು 10−3+2 ಎಂಬಲ್ಲಿ ಮೂರಕ್ಕೆ ಎರಡನ್ನು ಮೊದಲು ಕೂಡಿ 5 ಎಂದು ಬರೆಯುತ್ತದೆ. ಉತ್ತರ 9 ಆಗಬೇಕು. ಆ ಮಗು ಕಲಿಸಿದ ಸೂತ್ರವನ್ನು ಕಲಿಸಿದಂತೆಯೇ ಪಾಲಿಸಿದೆ. ಆದರೂ ಕೆಂಪು ಗೆರೆ ಬೀಳುವುದು ಅದರ ಪುಸ್ತಕದ ಮೇಲೆ. ಇನ್ನೂ ಗಮನಿಸಬೇಕಾದ್ದು ಬೋಡ್‌ಮಾಸ್‌ನ ಎರಡನೆಯ ಅಕ್ಷರ. ಕೆಲವು ಕಡೆ ಅದನ್ನು ಘಾತ ಎಂದು ವಿವರಿಸುತ್ತಾರೆ, ನಮ್ಮಲ್ಲಿ ಬಹುಮಟ್ಟಿಗೆ ಅದು ‘ಆಫ್’, ಅಂದರೆ ‘ಇಷ್ಟರ ಇಷ್ಟು ಭಾಗ’. 24 ÷ 8ರ ½ ಎಂದು ಕೊಟ್ಟರೆ ಎಂಟರ ಅರ್ಧವನ್ನು ಮೊದಲು ಮಾಡಿ 6 ಎಂದು ಉತ್ತರಿಸಬೇಕು. 24 ÷ 8 × ½ ಎಂದು ಕೊಟ್ಟರೆ ಎಡದಿಂದ ಹೊರಟು 1½ ಎಂದು ಉತ್ತರಿಸಬೇಕು. ‘ಎಂಟರ ಅರ್ಧ’ವೂ ಗುಣಾಕಾರವೇ, ‘ಎಂಟು ಗುಣಿಲೆ ಅರ್ಧ’ವೂ ಗುಣಾಕಾರವೇ. ಹಾಗಿದ್ದೂ ಒಂದಕ್ಕೆ ಆದ್ಯತೆ ಇದೆ, ಇನ್ನೊಂದಕ್ಕೆ ಇಲ್ಲ. ಬರೆಯುವ ಬಗೆ ಬದಲಾದರೆ ಗುಣಾಕಾರದ ಹಿಡಿತವೂ ಬದಲಾಗುತ್ತದೆ ಎಂಬುದನ್ನು ನಮ್ಮ ಸೂತ್ರವೇ ಒಪ್ಪಿಕೊಂಡಿದೆ ಎಂದಾಯಿತು. 8÷2(2+2) ಎಂಬಲ್ಲಿ ಆವರಣಕ್ಕೆ ಅಂಟಿಕೊಂಡ ಎರಡನ್ನು ಬಿಡಿಸದೆ ಓದಿ 1 ಎಂದವರು ಮಾಡಿದ್ದೂ ಇದನ್ನೇ. ಅವರು ತಪ್ಪು ಎನ್ನಬೇಕಾದರೆ ‘ಆಫ್’ ಏಕೆ ಸರಿ ಎಂಬುದಕ್ಕೆ ನಾವು ಕಾರಣ ಕೊಡಬೇಕಾಗುತ್ತದೆ, ಮತ್ತು ಆ ಕಾರಣ ‘ನಮ್ಮಲ್ಲಿ ಹಾಗೆ ರೂಢಿ’ ಎಂಬುದನ್ನು ದಾಟಿ ಹೋಗಲಾರದು.

ರೂಢಿ ಎಂದರೆ ಹಗುರವಾದದ್ದು ಎಂದು ನಾನು ಹೇಳುತ್ತಿಲ್ಲ. ಚಿಹ್ನೆಗಳಿಲ್ಲದೆ ಗಣಿತ ಇಷ್ಟು ದೂರ ಬರುತ್ತಿರಲಿಲ್ಲ, ಒಪ್ಪಂದವಿಲ್ಲದೆ ಚಿಹ್ನೆಗಳಿಲ್ಲ. ಆದರೆ ಪ್ರತಿ ಚಿಹ್ನೆಗೂ ಒಂದು ಹುಟ್ಟಿದ ದಿನ, ಒಂದು ಹುಟ್ಟಿದ ಊರು ಇದೆ. ಸಮ ಚಿಹ್ನೆಯನ್ನು ರಾಬರ್ಟ್ ರೆಕಾರ್ಡ್ 1557ರಲ್ಲಿ ತಂದರು. ÷ ಚಿಹ್ನೆಯನ್ನು ಭಾಗಾಕಾರಕ್ಕೆ ಬಳಸಿದ್ದು ಯೋಹಾನ್ ರಾನ್ ಅವರ 1659ರ ಬೀಜಗಣಿತ ಗ್ರಂಥ. ಅದೇ ಚಿಹ್ನೆ ಡೆನ್ಮಾರ್ಕ್, ನಾರ್ವೆಗಳಲ್ಲಿ ಬಹುಕಾಲ ಕಳೆಯುವ ಚಿಹ್ನೆಯಾಗಿತ್ತು. ಜರ್ಮನಿಯಲ್ಲಿ ದಶಮಾಂಶಕ್ಕೆ ಚುಕ್ಕಿಯ ಬದಲು ಅಲ್ಪವಿರಾಮ ಹಾಕುತ್ತಾರೆ. ಇಂಗ್ಲೆಂಡಿನ ಗಣಿತ ಶಿಕ್ಷಣ ಚಿಂತಕ ಡೇವ್ ಹೆವಿಟ್ 1999ರಲ್ಲಿ ಈ ಬಗೆಯ ಸಂಗತಿಗಳನ್ನು ಬೇರ್ಪಡಿಸಲು ಒಂದು ಸರಳ ಪರೀಕ್ಷೆ ಸೂಚಿಸಿದರು. ಯಾರೂ ಹೇಳಿಕೊಡದೆ, ತಾನೇ ಯೋಚಿಸಿ ಮಗು ಒಂದು ಸಂಗತಿಯನ್ನು ಕಂಡುಕೊಳ್ಳಲು ಸಾಧ್ಯವೆ? ತ್ರಿಭುಜದ ಮೂರು ಕೋನಗಳ ಮೊತ್ತ ಒಂದು ಸರಳಕೋನಕ್ಕೆ ಸಮ ಎಂಬುದನ್ನು ಕಂಡುಕೊಳ್ಳಬಹುದು. ಆ ಸರಳಕೋನವನ್ನು 180 ಭಾಗ ಮಾಡಿ ಅಳೆಯಬೇಕು ಎಂಬುದನ್ನು ಎಷ್ಟು ಯೋಚಿಸಿದರೂ ಕಂಡುಕೊಳ್ಳಲಾಗದು. ಮೊದಲನೆಯದು ಅನಿವಾರ್ಯ, ಎರಡನೆಯದು ಯಾದೃಚ್ಛಿಕ. ಊರಿಗೊಂದು ಸೇರು ಇದ್ದ ಕಾಲದಲ್ಲಿ ಅಳತೆ ಬದಲಾಯಿತೆಂದು ಕಣದಲ್ಲಿದ್ದ ರಾಗಿ ಹೆಚ್ಚಲಿಲ್ಲ, ಕಡಿಮೆಯಾಗಲಿಲ್ಲ; ಯಾವ ಊರಿನ ಸೇರು ಎಂದು ಹೇಳದೆ ವ್ಯಾಪಾರಕ್ಕೆ ಕೂತರೆ ಮಾತ್ರ ಜಗಳ ಖಂಡಿತ. ಯಾದೃಚ್ಛಿಕವಾದದ್ದನ್ನು ಮಗುವಿಗೆ ಹೇಳಲೇಬೇಕು, ನೆನಪಿಡಲು ನೆರವಾಗಬೇಕು. ಅನಿವಾರ್ಯವಾದದ್ದನ್ನು ಮಗು ತಾನೇ ಕಾಣುವಂತೆ ಮಾಡಬೇಕು. ನಮ್ಮ ತರಗತಿಗಳಲ್ಲಿ ಎರಡನ್ನೂ ಒಂದೇ ದನಿಯಲ್ಲಿ, ಒಂದೇ ಬಣ್ಣದ ಸೀಮೆಸುಣ್ಣದಲ್ಲಿ ಬರೆದು ಮುಗಿಸುತ್ತೇವೆ.

ಇವೆರಡರ ನಡುವೆ ಮೂರನೆಯದೊಂದು ನೆಲೆ ಇದೆ: ವ್ಯಾಖ್ಯೆಗಳು. ಅವು ಆಯ್ಕೆಗಳು ಹೌದು, ಆದರೆ ಕಾರಣವುಳ್ಳ ಆಯ್ಕೆಗಳು. 1 ಅವಿಭಾಜ್ಯ ಸಂಖ್ಯೆಯೆ? 1742ರಲ್ಲಿ ಆಯ್ಲರ್‌ಗೆ ಪತ್ರ ಬರೆದ ಗೋಲ್ಡ್‌ಬಾಕ್ ಹೌದೆಂದು ಎಣಿಸಿದ್ದರು. 1914ರಲ್ಲಿ ಡಿ. ಎನ್. ಲೆಹ್ಮರ್ ಪ್ರಕಟಿಸಿದ, ಒಂದು ಕೋಟಿಯನ್ನೂ ದಾಟುವ ಅವಿಭಾಜ್ಯಗಳ ಪಟ್ಟಿ 1ರಿಂದಲೇ ಆರಂಭವಾಗುತ್ತದೆ. ಇಂದು ಯಾವ ಶಾಲೆಯೂ ಅದನ್ನು ಒಪ್ಪದು. 12ನ್ನು 2×2×3 ಎಂದು ಅವಿಭಾಜ್ಯಗಳ ಗುಣಲಬ್ಧವಾಗಿ ಒಂದೇ ಬಗೆಯಲ್ಲಿ ಬರೆಯಬಹುದು ಎಂಬ ಪ್ರಮೇಯ 1ನ್ನು ಒಳಗೆ ಬಿಟ್ಟುಕೊಂಡರೆ ಕುಂಟುತ್ತದೆ. 1×2×2×3, 1×1×2×2×3 ಎಂದು ಬೆಳೆಸುತ್ತಲೇ ಹೋಗಬಹುದು. ಆದ್ದರಿಂದ 1ನ್ನು ಹೊರಗಿಟ್ಟರು. ಇನ್ನು ಯೂಕ್ಲಿಡ್. ಆಯತದ ಅವರ ವ್ಯಾಖ್ಯೆಯಲ್ಲಿ ಚೌಕಕ್ಕೆ ಜಾಗವಿರಲಿಲ್ಲ; ಇಂದಿನ ಪಠ್ಯದಲ್ಲಿ ಪ್ರತಿ ಚೌಕವೂ ಆಯತ, ಏಕೆಂದರೆ ಆಯತದ ಬಗ್ಗೆ ಸಾಧಿಸಿದ್ದೆಲ್ಲ ಚೌಕಕ್ಕೂ ತಾನಾಗಿ ಒದಗಲಿ ಎಂಬುದು ನಮ್ಮ ಬಯಕೆ. ಸ್ವಾಭಾವಿಕ ಸಂಖ್ಯೆಗಳು ಸೊನ್ನೆಯಿಂದ ಆರಂಭವೋ ಒಂದರಿಂದಲೋ ಎಂಬಲ್ಲಿ ಭಿನ್ನಮತ ಇನ್ನೂ ಜೀವಂತ: ನಮ್ಮ ಪಠ್ಯಗಳು ಒಂದರಿಂದ ಎನ್ನುತ್ತವೆ, ಫ್ರಾನ್ಸಿನ ಶಾಲೆಗಳೂ ಮೇಲೆ ಹೇಳಿದ ಅಂತರರಾಷ್ಟ್ರೀಯ ಮಾನಕವೂ ಸೊನ್ನೆಯಿಂದ ಎನ್ನುತ್ತವೆ. ‘1 ಅವಿಭಾಜ್ಯವಲ್ಲ’ ಎಂಬ ವಾಕ್ಯವನ್ನು ಉರು ಹೊಡೆಸಿ ಒಂದಂಕದ ಪ್ರಶ್ನೆ ಕೇಳುವುದು ಸುಲಭ. ಅದನ್ನು ಏಕೆ ಹೊರಗಿಟ್ಟರು ಎಂದು ಕೇಳಿದರೆ ಮಗುವಿಗೆ ಗಣಿತ ನಡೆಯುವ ಬಗೆಯೇ ಕಾಣಿಸುತ್ತದೆ.

ಹಾಗಾದರೆ ಎಲ್ಲವೂ ಒಪ್ಪಂದವೇ ಎಂದು ಕೇಳಬಹುದು. ಇಲ್ಲ, ಎಲ್ಲಿ ಒಪ್ಪಂದದ ಸ್ವಾತಂತ್ರ್ಯ ಮುಗಿಯುತ್ತದೆ ಎಂಬುದಕ್ಕೆ ನಮ್ಮ ನೆಲದ ಉದಾಹರಣೆಯೇ ಇದೆ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯ ರಚಿಸಿದ ಗಣಿತಸಾರಸಂಗ್ರಹ ಭಾರತೀಯ ಗಣಿತದ ಮಹತ್ವದ ಗ್ರಂಥಗಳಲ್ಲೊಂದು. ಋಣ ಸಂಖ್ಯೆಗೆ ವರ್ಗಮೂಲವಿಲ್ಲ ಎಂದು ಸ್ಪಷ್ಟವಾಗಿ ಗುರುತಿಸಿದ ಆ ಪ್ರತಿಭಾವಂತ, ಒಂದು ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಉಳಿಯುತ್ತದೆ ಎಂದೂ ಹೇಳಿದ. ಅವನಿಗಿಂತ ಮುಂಚೆ, 628ರಲ್ಲಿ, ಬ್ರಹ್ಮಗುಪ್ತ ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ಸೊನ್ನೆ ಎಂದಿದ್ದ. ಇವನ್ನು ‘ಅವರ ಕಾಲದ ರೂಢಿ’ ಎಂದು ಬಿಟ್ಟುಬಿಡಲು ಬರುವುದಿಲ್ಲ. ಭಾಗಾಕಾರ ಗುಣಾಕಾರದ ವಿಲೋಮ ಎಂದು ಒಮ್ಮೆ ಒಪ್ಪಿದ ಮೇಲೆ, 6ನ್ನು ಸೊನ್ನೆಯಿಂದ ಭಾಗಿಸಿ 6 ಬಂದರೆ 6ನ್ನು ಸೊನ್ನೆಯಿಂದ ಗುಣಿಸಿದಾಗ 6 ಬರಬೇಕು, ಆದರೆ ಬರುವುದು ಸೊನ್ನೆ. ಮೊದಲು ಮಾಡಿಕೊಂಡ ಒಪ್ಪಂದಗಳೇ ಮುಂದಿನ ಒಪ್ಪಂದದ ಕೈ ಕಟ್ಟುತ್ತವೆ. ಚಿಹ್ನೆಯ ಆಯ್ಕೆ, ವ್ಯಾಖ್ಯೆಯ ಆಯ್ಕೆ, ತರ್ಕದ ಬಂಧನ ಎಂಬ ಮೂರು ನೆಲೆಗಳು ಬೇರೆಬೇರೆ. ಅಂಕ ಕೊಡುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, ಮಗು ಎಡವಿದ್ದು ಯಾವ ನೆಲೆಯಲ್ಲಿ ಎಂಬುದು.

ಈ ಪ್ರಶ್ನೆ ಕೇಳದೆ ಅಂಕ ಕಳೆದಾಗ ಏನಾಗುತ್ತದೆ ಎಂಬುದಕ್ಕೆ ಎರಡು ದೇಶಗಳ ಎರಡು ಪ್ರಸಂಗಗಳನ್ನು ಪಕ್ಕಪಕ್ಕ ಇಡುತ್ತೇನೆ. 2015ರ ಅಕ್ಟೋಬರ್‌ನಲ್ಲಿ ಅಮೆರಿಕದ ಒಂದು ಮಗುವಿನ ಉತ್ತರಪತ್ರಿಕೆಯ ಚಿತ್ರ ಎಲ್ಲೆಡೆ ಹರಿದಾಡಿತು. 5×3ನ್ನು ಪುನರಾವರ್ತಿತ ಸಂಕಲನದಿಂದ ಬಿಡಿಸು ಎಂಬ ಪ್ರಶ್ನೆಗೆ ಮಗು 5+5+5=15 ಎಂದು ಬರೆದಿತ್ತು. ಶಿಕ್ಷಕರು ಒಂದಂಕ ಕಳೆದು, 3+3+3+3+3 ಎಂದು ಬರೆಯಬೇಕಿತ್ತು ಎಂದು ತಿದ್ದಿದ್ದರು. ಅಲ್ಲಿನ ಕಾಮನ್ ಕೋರ್ ಪಠ್ಯಮಾನಕ 5×7 ಎಂಬುದನ್ನು ಏಳೇಳರ ಐದು ಗುಂಪು ಎಂದು ಓದುತ್ತದೆ. ಶಿಕ್ಷಕರು ಅದನ್ನು ಅನುಸರಿಸಿದ್ದರು. ಇನ್ನು ಜಪಾನ್. 1972ರ ಜನವರಿಯಲ್ಲಿ ಅಸಾಹಿ ಪತ್ರಿಕೆ ಒಸಾಕಾ ಪ್ರಾಂತ್ಯದ ಒಂದು ಶಾಲೆಯ ವಿವಾದವನ್ನು ವರದಿ ಮಾಡಿತು. ಆರು ಮಕ್ಕಳಿಗೆ ತಲಾ ನಾಲ್ಕು ಕಿತ್ತಳೆ ಕೊಡಲು ಎಷ್ಟು ಬೇಕು ಎಂಬ ಪ್ರಶ್ನೆಗೆ 6×4=24 ಎಂದು ಬರೆದ ಮಕ್ಕಳ ಉತ್ತರ ಸರಿಯೆಂದೂ ಸಮೀಕರಣ ತಪ್ಪೆಂದೂ ಶಾಲೆ ತೀರ್ಮಾನಿಸಿತು; ಪೋಷಕರು ಪ್ರತಿಭಟಿಸಿದರು. ಜಪಾನಿನ ರೂಢಿಯಲ್ಲಿ ಒಬ್ಬರ ಪಾಲು ಮೊದಲು, ಎಷ್ಟು ಪಾಲು ಎಂಬುದು ಆಮೇಲೆ; ಆದ್ದರಿಂದ 4×6 ಎಂದಿರಬೇಕು. ಅಮೆರಿಕದ ಮಾನಕದಂತೆ ಅದೇ ಲೆಕ್ಕ 6×4. ಒಂದೇ ಬರವಣಿಗೆಗೆ ಸಾಗರದ ಒಂದು ದಡದಲ್ಲಿ ಅಂಕ, ಇನ್ನೊಂದು ದಡದಲ್ಲಿ ದಂಡ. ಎರಡೂ ದೇಶಗಳು ತಮ್ಮ ಕ್ರಮವನ್ನು ‘ಪರಿಕಲ್ಪನೆಯ ಅರಿವು’ ಎಂಬ ಹೆಸರಿನಲ್ಲೇ ಸಮರ್ಥಿಸಿಕೊಂಡವು. ನಮ್ಮ ಮಗ್ಗಿಯ ಕ್ರಮ ಜಪಾನಿನದನ್ನು ಹೋಲುತ್ತದೆ ಎಂಬುದೂ ಗಮನಾರ್ಹ: ಎರಡರ ಮಗ್ಗಿಯಲ್ಲಿ 2×1, 2×2, 2×3 ಎಂದು ಸಾಗುವಾಗ ಎರಡು ಸ್ಥಿರ, ಎಷ್ಟು ಸಲ ಎಂಬುದು ಹಿಂದೆ ಬರುತ್ತದೆ. ಮಗ್ಗಿ ಕಲಿತ ಕನ್ನಡದ ಮಗು 5×3ನ್ನು 5+5+5 ಎಂದು ಬಿಡಿಸಿದರೆ ಅದು ತಾನು ಕಲಿತದ್ದಕ್ಕೆ ನಿಷ್ಠವಾಗಿಯೇ ನಡೆದಿರುತ್ತದೆ.

ಇಂಥ ಕ್ರಮಕ್ಕಾಗಿ ಅಂಕ ಕಳೆಯಬಾರದು ಎಂಬ ನನ್ನ ಮಾತಿಗೆ ಬರುವ ಮೊದಲ ಆಕ್ಷೇಪ ಗಂಭೀರವಾದದ್ದು. ಸಂಖ್ಯೆಗಳ ಕ್ರಮದಿಂದಲೇ ಮಗುವಿಗೆ ಸನ್ನಿವೇಶ ಅರ್ಥವಾಗಿದೆಯೇ ಎಂದು ತಿಳಿಯುತ್ತದೆ, ಕಣ್ಣಿಗೆ ಬಿದ್ದ ಎರಡು ಸಂಖ್ಯೆಗಳನ್ನು ಸುಮ್ಮನೆ ಗುಣಿಸಿದವರನ್ನು ಬೇರೆ ಹೇಗೆ ಗುರುತಿಸುವುದು ಎಂದು ಅನುಭವಿ ಶಿಕ್ಷಕರು ಕೇಳುತ್ತಾರೆ. ಜಪಾನಿನ ಗಣಿತಜ್ಞ ಟೊಯಾಮಾ ಹಿರಾಕು 1972ರಲ್ಲೇ ಇದಕ್ಕೆ ಉತ್ತರ ಕೊಟ್ಟರು. ಇಸ್ಪೀಟು ಹಂಚುವಂತೆ ಕಿತ್ತಳೆ ಹಂಚಿ ಎಂದರು ಅವರು. ಒಂದು ಸುತ್ತಿಗೆ ಒಬ್ಬೊಬ್ಬರಿಗೆ ಒಂದೊಂದು, ಸುತ್ತಿಗೆ ಆರು ಕಿತ್ತಳೆ, ನಾಲ್ಕು ಸುತ್ತು. ಶಾಲೆಯ ರೂಢಿಯಂತೆಯೇ ಓದಿದರೂ ಅದು 6×4. ಅಂದರೆ ಶಿಕ್ಷಕರು ದಂಡಿಸಿದ ಬರವಣಿಗೆಯ ಹಿಂದೆ ನಿರ್ದೋಷವಾದ ಆಲೋಚನೆ ಇರಲು ಸಾಧ್ಯ. ಇದಕ್ಕೆ ವಿರುದ್ಧವೂ ಸಾಧ್ಯ: ‘ಪಾಲು ಮೊದಲು ಬರೆ’ ಎಂಬ ಸೂಚನೆಯನ್ನು ಕಂಠಪಾಠ ಮಾಡಿದ ಮಗು ಏನೂ ಅರ್ಥವಾಗದೆ ಸರಿಯಾದ ಕ್ರಮದಲ್ಲಿ ಬರೆಯಬಹುದು. ಅರಿತವರನ್ನು ಹೊರದೂಡಿ ಅರಿಯದವರನ್ನು ಒಳಬಿಡುವ ಅಳತೆಗೋಲು ಅರಿವನ್ನು ಅಳೆಯಲಾರದು. ಅರ್ಥವಾಗಿದೆಯೇ ಎಂದು ತಿಳಿಯಬೇಕಾದರೆ ಚಿತ್ರ ಬರೆಯಿಸಿ, ಒಂದು ವಾಕ್ಯದಲ್ಲಿ ವಿವರಿಸಲು ಹೇಳಿ, ಅದೇ ಸಮೀಕರಣಕ್ಕೆ ಇನ್ನೊಂದು ಕಥೆ ಕಟ್ಟಿಸಿ.

ಎರಡನೆಯ ಆಕ್ಷೇಪ ಆಡಳಿತದ್ದು. ಕರ್ನಾಟಕದಲ್ಲಿ ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ವರ್ಷವೂ ಎಂಟು ಲಕ್ಷದ ಆಸುಪಾಸಿನ ಮಕ್ಕಳು ಕೂರುತ್ತಾರೆ, ಸಾವಿರಾರು ಮೌಲ್ಯಮಾಪಕರು ಒಂದೇ ತಕ್ಕಡಿಯಲ್ಲಿ ತೂಗಬೇಕು; ಏಕರೂಪತೆ ಇಲ್ಲದೆ ನ್ಯಾಯವಿಲ್ಲ ಎನ್ನುತ್ತಾರೆ. ಏಕರೂಪತೆ ಬೇಕು ಎಂಬುದನ್ನು ಒಪ್ಪುತ್ತೇನೆ. ಆದರೆ ಅದನ್ನು ಸಾಧಿಸಬೇಕಾದ ಜಾಗ ಪ್ರಶ್ನೆಪತ್ರಿಕೆ. ಪೈ ಬೆಲೆ 22/7 ಎಂದು ತೆಗೆದುಕೊಳ್ಳಿ ಎಂದು ಪ್ರಶ್ನೆಯಲ್ಲೇ ಮುದ್ರಿಸುವ ಒಳ್ಳೆಯ ಪದ್ಧತಿ ನಮ್ಮಲ್ಲಿದೆ, 3.14 ಬಳಸಿದವರಿಗೂ 22/7 ಬಳಸಿದವರಿಗೂ ಉತ್ತರ ಬೇರೆ ಬರುತ್ತದೆ ಎಂಬ ಅರಿವಿನಿಂದ ಅದು ಬಂದಿದೆ. ಅದೇ ವಿವೇಕವನ್ನು ಉಳಿದ ರೂಢಿಗಳಿಗೂ ವಿಸ್ತರಿಸಿದರೆ ಸಾಕು. ಪರೀಕ್ಷೆ ಮುಗಿದ ಮೇಲೂ ದಾರಿಗಳಿವೆ. ನಮ್ಮ ಪರೀಕ್ಷಾ ಮಂಡಳಿ ಮಾದರಿ ಉತ್ತರಗಳನ್ನು ಪ್ರಕಟಿಸಿ ಆಕ್ಷೇಪಣೆ ಆಹ್ವಾನಿಸುತ್ತದೆ; ಮಾದರಿಯಿಂದ ಭಿನ್ನವಾದರೂ ಸರಿಯಾದ ಉತ್ತರಕ್ಕೆ ತಕ್ಕ ಅಂಕ ಕೊಡಿ ಎಂದು ಸಿಬಿಎಸ್‌ಇ ತನ್ನ ಮೌಲ್ಯಮಾಪಕರಿಗೆ ಹೇಳುತ್ತದೆ. 1983ರಲ್ಲಿ ಕಾನ್ಪುರ ವಿಶ್ವವಿದ್ಯಾಲಯ ಮತ್ತು ಸಮೀರ್ ಗುಪ್ತ ನಡುವಣ ಪ್ರಕರಣದಲ್ಲಿ, ವೈದ್ಯಕೀಯ ಪ್ರವೇಶ ಪರೀಕ್ಷೆಯ ಕೀ ಉತ್ತರಗಳನ್ನು ಪರಿಶೀಲಿಸಿದ ಸುಪ್ರೀಂ ಕೋರ್ಟ್, ಕೀ ಉತ್ತರವನ್ನು ಸಾಮಾನ್ಯವಾಗಿ ಸರಿಯೆಂದೇ ಭಾವಿಸಬೇಕು, ಆದರೆ ಅದು ತಪ್ಪೆಂದು ನಿಸ್ಸಂದೇಹವಾಗಿ ಸಾಬೀತಾದರೆ ಅದಕ್ಕೆ ಹೊಂದದ ಉತ್ತರ ಬರೆದ ವಿದ್ಯಾರ್ಥಿಯನ್ನು ದಂಡಿಸುವುದು ಅನ್ಯಾಯ ಎಂದಿತು. ಗಣಿತದ ರೂಢಿಗಳ ವಿಷಯದಲ್ಲಿ ಇದು ಎಚ್ಚರಿಕೆಯೂ ಹೌದು: ಎರಡು ಓದಿಗೆ ಅವಕಾಶವಿರುವಲ್ಲಿ ಕೀ ಉತ್ತರವನ್ನು ಖಂಡಿತವಾಗಿ ತಪ್ಪೆನ್ನಲು ಬಾರದು. ಆದ್ದರಿಂದ ನ್ಯಾಯಾಲಯದಲ್ಲಿ ಸಿಗುವ ಪರಿಹಾರ ತೀರ ಕಡಿಮೆ. ದ್ವಂದ್ವವನ್ನು ಪ್ರಶ್ನೆ ಹುಟ್ಟುವಲ್ಲೇ ನಿವಾರಿಸಬೇಕು.

ಮೂರನೆಯ ಆಕ್ಷೇಪ ಎಳೆಯ ಮಕ್ಕಳ ಪರವಾಗಿ ಬರುತ್ತದೆ. ಒಂದೇ ದಾರಿ ತೋರಿಸಿದರೇ ಕಷ್ಟ, ‘ಹೀಗೂ ಉಂಟು, ಹಾಗೂ ಉಂಟು’ ಎಂದರೆ ಮಕ್ಕಳು ಕಂಗಾಲಾಗುವುದಿಲ್ಲವೆ? ಇದಕ್ಕೆ ಉತ್ತರ ನಮ್ಮ ಪಠ್ಯಪುಸ್ತಕದಲ್ಲೇ ಇದೆ. ದೊಡ್ಡ ಸಂಖ್ಯೆಗಳಿಗೆ ಅಲ್ಪವಿರಾಮ ಹಾಕುವ ಭಾರತೀಯ ಪದ್ಧತಿಯನ್ನೂ ಅಂತರರಾಷ್ಟ್ರೀಯ ಪದ್ಧತಿಯನ್ನೂ ನಾವು ಒಟ್ಟಿಗೆ ಕಲಿಸುತ್ತೇವೆ. ಹತ್ತು ಲಕ್ಷವನ್ನು 10,00,000 ಎಂದೂ 1,000,000 ಎಂದೂ ಬರೆಯಬಹುದು, ಸಂಖ್ಯೆ ಒಂದೇ ಎಂಬುದನ್ನು ಮಕ್ಕಳು ಗ್ರಹಿಸುತ್ತಾರೆ. ಪ್ರಶ್ನೆ ಯಾವ ಪದ್ಧತಿ ಕೇಳಿದೆಯೋ ಅದರಲ್ಲಿ ಬರೆಯುತ್ತಾರೆ. ಇಲ್ಲಿ ಒಪ್ಪಂದವನ್ನು ಒಪ್ಪಂದವೆಂದು ಹೇಳಿ ಕಲಿಸಿದ್ದೇವೆ, ಆಕಾಶ ಕಳಚಿ ಬಿದ್ದಿಲ್ಲ. ಮೊದಲ ವರ್ಷಗಳಲ್ಲಿ ಒಂದೇ ರೂಢಿಯನ್ನು ಬಳಸುವುದು ಜಾಣತನ. ಅದನ್ನು ‘ನಾವು ಹೀಗೆ ಬರೆಯೋಣ’ ಎಂದು ಹೇಳಿಕೊಡುವುದಕ್ಕೂ ‘ಬೇರೆ ಬರೆದರೆ ತಪ್ಪು’ ಎಂದು ಹೇಳಿಕೊಡುವುದಕ್ಕೂ ಸಮಯ ಒಂದೇ ಹಿಡಿಯುತ್ತದೆ. ಎರಡನೆಯದರ ಬೆಲೆ ಮಾತ್ರ ದುಬಾರಿ. ಆರ್. ರಾಮಾನುಜಂ ಅಧ್ಯಕ್ಷತೆಯಲ್ಲಿ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿಗಾಗಿ ಗಣಿತ ಬೋಧನೆಯನ್ನು ಪರಿಶೀಲಿಸಿದ ತಂಡ, ಮಕ್ಕಳಲ್ಲಿ ಬೇರೂರಿದ ಭಯ ಮತ್ತು ಸೋಲಿನ ಭಾವನೆಯನ್ನೂ ಒರಟು ಮೌಲ್ಯಮಾಪನವನ್ನೂ ಶಾಲಾ ಗಣಿತದ ಮುಖ್ಯ ಸಮಸ್ಯೆಗಳಲ್ಲಿ ಎಣಿಸಿತು. ಯೋಚಿಸಿ ತಲುಪಲಾಗದ್ದನ್ನು ಯೋಚಿಸಿ ತಲುಪಬೇಕಿತ್ತು ಎಂಬಂತೆ ದಂಡಿಸಿದಾಗ ಮಗು ಕಲಿಯುವುದು, ಇಲ್ಲಿ ಯೋಚನೆಗೆ ಬೆಲೆಯಿಲ್ಲ ಎಂಬ ಪಾಠವನ್ನು.

ಕೊನೆಯ ಆಕ್ಷೇಪ: ಹೀಗೆ ಸಡಿಲ ಬಿಟ್ಟರೆ ಶಿಸ್ತು ಎಲ್ಲಿ ಉಳಿಯಿತು? 3+4=7+5=12 ಎಂದು ಸರಪಳಿ ಕಟ್ಟುವ ಮಗುವನ್ನೂ ಬಿಟ್ಟುಬಿಡಬೇಕೆ? ಖಂಡಿತ ಬಿಡಬಾರದು. ಅಲ್ಲಿ ಮಗು 3+4 ಮತ್ತು 12 ಸಮ ಎಂದು ಹೇಳಿದಂತಾಯಿತು, ಅದು ಸುಳ್ಳು. ಸಮ ಚಿಹ್ನೆಯ ಒಪ್ಪಂದ ಜಗತ್ತಿನ ಎಲ್ಲ ತರಗತಿಗಳಲ್ಲಿ ಒಂದೇ, ಮಗುವಿಗೆ ಅದನ್ನು ಮೊದಲ ತರಗತಿಯಿಂದ ಹೇಳಿಕೊಡಲಾಗಿದೆ. ಎಲ್ಲರೂ ಒಪ್ಪಿ ಸಾರಿದ ರೂಢಿಯನ್ನು ಪಾಲಿಸು ಎಂದು ಕೇಳುವ ಹಕ್ಕು ಶಾಲೆಗಿದೆ. ಶಿಸ್ತಿನ ಕೇಳಿಕೆ ಶಿಕ್ಷಕರ ಮೇಲೂ ಅಷ್ಟೇ ಬಿಗಿಯಾಗಿರಲಿ ಎಂಬುದಷ್ಟೇ ನನ್ನ ವಾದ. ರೂಢಿ ಎಲ್ಲಿ ತಪ್ಪಿತು, ತರ್ಕ ಎಲ್ಲಿ ತಪ್ಪಿತು ಎಂದು ಬೇರ್ಪಡಿಸಿ ತೋರಿಸುವ ಶಿಕ್ಷಕರು ತರ್ಕದ ತಪ್ಪನ್ನು ಹೆಚ್ಚು ಕಟ್ಟುನಿಟ್ಟಾಗಿ ತಿದ್ದಬಲ್ಲರು, ಏಕೆಂದರೆ ಅವರ ಮಾತಿನ ಹಿಂದೆ ಹುದ್ದೆಯ ಬಲಕ್ಕೆ ಬದಲಾಗಿ ಕಾರಣದ ಬಲ ಇರುತ್ತದೆ.

ಮಾಡಬೇಕಾದದ್ದು ಕಷ್ಟದ್ದೇನಲ್ಲ. ಪ್ರಶ್ನೆಪತ್ರಿಕೆ ರಚಿಸುವವರು ಎರಡು ಬಗೆಯಲ್ಲಿ ಓದಬಹುದಾದ ಸಾಲುಗಳಿಗೆ ಆವರಣ ಹಾಕಲಿ, ಭಿನ್ನರಾಶಿಗಳನ್ನು ಅಡ್ಡಗೆರೆಯ ಮೇಲೆ ಕೆಳಗೆ ಬರೆಯಲಿ. ಬೋಡ್‌ಮಾಸ್ ಹೆಸರಿನಲ್ಲಿ ಮಕ್ಕಳನ್ನು ಎಡವಿಸಲೆಂದೇ ಕಟ್ಟಿದ ಉದ್ದುದ್ದ ಸರಮಾಲೆಗಳು ಯಾವ ವಿಜ್ಞಾನಿಯ, ಯಾವ ಲೆಕ್ಕಿಗರ ಕೆಲಸದಲ್ಲೂ ಬರುವುದಿಲ್ಲ, ಅವನ್ನು ಕೈಬಿಡಬಹುದು. ವ್ಯಾಖ್ಯೆಯನ್ನು ಅವಲಂಬಿಸಿದ ಪ್ರಶ್ನೆಯಲ್ಲಿ ವ್ಯಾಖ್ಯೆಯನ್ನೂ ಕೊಡಬಹುದು. ತಾನು ಯಾವ ರೂಢಿ ಹಿಡಿದೆ ಎಂದು ಬರೆದು ಅದಕ್ಕೆ ನಿಷ್ಠವಾಗಿ ಬಿಡಿಸಿದ ವಿದ್ಯಾರ್ಥಿಗೆ ಪೂರ್ಣ ಅಂಕ ಕೊಡಿ ಎಂದು ಮೌಲ್ಯಮಾಪಕರಿಗೆ ಒಂದು ಸಾಲಿನ ಸೂಚನೆ ಸಾಕು. ಶಿಕ್ಷಕ ತರಬೇತಿಯಲ್ಲಿ ಸಂಕೇತಗಳ ಚರಿತ್ರೆಗೆ ಕೆಲವು ತಾಸು ಮೀಸಲಿಡಬೇಕು. ಇದರಿಂದ ಪ್ರಶ್ನೆ ಬರೆಯುವವರ, ತಿದ್ದುವವರ, ಕಲಿಸುವವರ ಕೆಲಸ ಒಂದಿಷ್ಟು ಹೆಚ್ಚುತ್ತದೆ, ನಿಜ. ಅಸ್ಪಷ್ಟವಾಗಿ ಕೇಳಿದ ಪ್ರಶ್ನೆಯ ಹೊರೆಯನ್ನು ಯಾರಾದರೂ ಹೊರಲೇಬೇಕು. ಇಲ್ಲಿಯವರೆಗೆ ಅದನ್ನು ಹತ್ತು ವರ್ಷದ ಮಕ್ಕಳ ಹೆಗಲಿಗೆ ಹಾಕಿದ್ದೇವೆ, ಇನ್ನು ಮುಂದೆ ಪ್ರಶ್ನೆ ಕೇಳುವ ಹಿರಿಯರು ಹೊರಲಿ.